ದಾದಿಯರ ನೋಂದಣಿ: ಆರೈಕೆಯ ಕೈಗಳ ಅರ್ಹತೆಯನ್ನು ಅರಿಯುವ ಬಗೆ

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಂತಿದೆಯೆಂದು ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ತಿಳಿಸುತ್ತದೆ. ಭಿಷಕ್ ಎಂದರೆ ವೈದ್ಯ, ದ್ರವ್ಯವೆಂದರೆ ಔಷಧ, ಉಪಸ್ಥಾತೃ ಎಂದರೆ ರೋಗಿಯ ಬಳಿಯಲ್ಲಿದ್ದು ಆರೈಕೆ ಮಾಡುವವರು, ನಾಲ್ಕನೆಯ ಪಾದ ಸ್ವತಃ ರೋಗಿ. ಈ ನಾಲ್ಕರಲ್ಲಿ ಒಂದು ಕುಂಟಾದರೂ ಚಿಕಿತ್ಸೆ ಮುಂದೆ ಸಾಗುವುದಿಲ್ಲ. ವೈದ್ಯನು ದಿನಕ್ಕೊಮ್ಮೆಯೋ ಎರಡು ಬಾರಿಯೋ ರೋಗಿಯನ್ನು ನೋಡಿ ಹೋಗುತ್ತಾನೆ. ಉಳಿದ ಹೊತ್ತೆಲ್ಲ ರೋಗಿಯು ಉಪಸ್ಥಾತೃವಿನ ಕೈಯಲ್ಲಿರುತ್ತಾನೆ. ಆದುದರಿಂದಲೇ ಆಚಾರ್ಯರು ಉಪಚಾರದ ಜ್ಞಾನ, ದಕ್ಷತೆ, ಅನುರಾಗ ಮತ್ತು ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಅವರಿಗೆ ವಿಧಿಸಿದರು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಹೆರಿಗೆಯ ಕೋಣೆಯೊಳಗೆ ಇರಬೇಕಾದವರ ವಿವರವಿದೆ. ನಾಲ್ವರು ಹೆಂಗಸರು, ವಯಸ್ಸಿನಲ್ಲಿ ಪಕ್ವರಾದವರು, ಹೆರಿಗೆ ಮಾಡಿಸುವುದರಲ್ಲಿ ನುರಿತವರು, ಉಗುರು ಕತ್ತರಿಸಿಕೊಂಡವರು. ಸೂಕ್ಷ್ಮಜೀವಿಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಉಗುರಿನ ಮಾತನ್ನೂ ಬಿಡದೆ ಹೇಳಿದ ಆ ಸೂಕ್ಷ್ಮದೃಷ್ಟಿ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಗುಣಗಳನ್ನು ಗ್ರಂಥವು ಹೇಳಿತು. ಆ ಗುಣಗಳು ಎದುರಿಗಿರುವ ವ್ಯಕ್ತಿಯಲ್ಲಿ ಇವೆಯೇ ಎಂದು ನೋಡಿ ನಿರ್ಣಯಿಸುವವರು ಯಾರು? ಹಿಂದೆ ಊರೇ ಆ ಕೆಲಸವನ್ನು ಮಾಡುತ್ತಿತ್ತು. ಯಾರ ಕೈಗುಣ ಒಳ್ಳೆಯದು, ಯಾರು ಅವಸರದವರು, ಯಾರ ಕೈಯಲ್ಲಿ ಕೂಸು ಉಳಿಯಲಿಲ್ಲ ಎಂಬುದೆಲ್ಲ ಊರಿನ ಬಾಯಲ್ಲಿರುತ್ತಿತ್ತು. ಇಂದು ನಮ್ಮ ಭಕ್ತರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಹಿಂದೆಂದೂ ಕಾಣದವರ ಕೈಗೆ ತಾಯಿಯನ್ನು, ತುಂಬು ಗರ್ಭಿಣಿಯಾದ ಮಗಳನ್ನು ಒಪ್ಪಿಸಿ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾರೆ. ಅಪರಿಚಿತರನ್ನು ನಂಬಲೇಬೇಕಾದ ಈ ಕಾಲದಲ್ಲಿ ಊರಿನ ನೆನಪಿನ ಜಾಗಕ್ಕೆ ಒಂದು ಪಟ್ಟಿ ಬಂದಿದೆ. ಅದೇ ನೋಂದಣಿ ಪುಸ್ತಕ. ಅದು ಹೇಗೆ ಹುಟ್ಟಿತು, ಅದರಲ್ಲಿ ಯಾರಿದ್ದಾರೆ, ಯಾರಿಲ್ಲ, ನಾವು ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಪಟ್ಟಿ ಹುಟ್ಟಿದ ಬಗೆ

ಆಧುನಿಕ ಶುಶ್ರೂಷಾ ಶಿಕ್ಷಣಕ್ಕೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅಡಿಪಾಯ ಹಾಕಿದವರು ಫ್ಲಾರೆನ್ಸ್ ನೈಟಿಂಗೇಲ್. ದಾದಿಯರ ಹೆಸರುಗಳನ್ನು ಸರ್ಕಾರಿ ಪಟ್ಟಿಯಲ್ಲಿ ದಾಖಲಿಸಬೇಕೆಂಬ ಬೇಡಿಕೆಯನ್ನು ಆ ಮಹಾತಾಯಿಯೇ ವಿರೋಧಿಸಿದ್ದರೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಪರೀಕ್ಷೆಯಿಂದ ತಿಳಿವಳಿಕೆಯನ್ನು ಅಳೆಯಬಹುದು, ನಡತೆಯನ್ನು ಅಳೆಯಲಾಗದು ಎಂಬುದು ಅವರ ವಾದದ ಸಾರ. ಚರಕರ ಮಾತಿನಲ್ಲಿ ಹೇಳುವುದಾದರೆ ಜ್ಞಾನ ಮತ್ತು ದಕ್ಷತೆಗಳನ್ನು ಪರೀಕ್ಷಿಸಬಹುದು, ಅನುರಾಗಕ್ಕೆ ಪ್ರಶ್ನಪತ್ರಿಕೆಯಿಲ್ಲ.

ಅವರ ಎದುರು ನಿಂತವರು ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಎಂಬ ಇನ್ನೊಬ್ಬ ದಾದಿ. ಕಲಿತವರು, ಕಲಿಯದವರು ಇಬ್ಬರೂ ಒಂದೇ ಬಿಳಿ ಉಡುಪಿನಲ್ಲಿ ಬಂದರೆ ರೋಗಿಯು ಯಾರನ್ನು ಹೇಗೆ ಗುರುತಿಸಬೇಕು ಎಂಬುದು ಅವರ ಪ್ರಶ್ನೆ. ಈ ಚರ್ಚೆ ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ನಡೆಯಿತು. ಅಷ್ಟರಲ್ಲಿ ನ್ಯೂಜಿಲೆಂಡ್ 1901ರಲ್ಲಿ ದಾದಿಯರ ನೋಂದಣಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿ ಜಗತ್ತಿಗೆ ಮೊದಲಿಗನಾಯಿತು. ಇಂಗ್ಲೆಂಡಿನಲ್ಲಿ 1902ರಲ್ಲಿ ಸೂಲಗಿತ್ತಿಯರ ಕಾಯ್ದೆಯೂ 1919ರಲ್ಲಿ ದಾದಿಯರ ನೋಂದಣಿ ಕಾಯ್ದೆಯೂ ಬಂದವು. ದಾದಿಯರಿಗಿಂತ ಹದಿನೇಳು ವರ್ಷ ಮೊದಲೇ ಸೂಲಗಿತ್ತಿಯರಿಗೆ ಕಾನೂನು ಬಂದುದನ್ನು ಗಮನಿಸಬೇಕು. ಹೆರಿಗೆಯ ಕೋಣೆಯಲ್ಲಿ ತಪ್ಪಾದರೆ ಅಪಾಯಕ್ಕೆ ಒಳಗಾಗುವವು ಎರಡು ಜೀವಗಳು.

ಇಬ್ಬರ ವಾದದಲ್ಲಿಯೂ ಸತ್ಯವಿದೆಯೆಂದು ನಮಗೆ ತೋರುತ್ತದೆ. ಪಟ್ಟಿಯು ಯಾರ ಹೃದಯದಲ್ಲಿಯೂ ಅನುರಾಗವನ್ನು ತುಂಬಲಾರದು. ಆದರೆ ಅನುರಾಗವಿಲ್ಲದೆ ರೋಗಿಗೆ ದ್ರೋಹ ಬಗೆದವರ ಹೆಸರನ್ನು ಅಳಿಸಿಹಾಕುವ ಶಕ್ತಿ ಪಟ್ಟಿಗೆ ಇದೆ. ಹೆಸರು ಬರೆಯುವುದಕ್ಕಿಂತ ಹೆಸರು ತೆಗೆಯುವ ಅಧಿಕಾರವೇ ನೋಂದಣಿಯ ಜೀವಾಳ.

ನಮ್ಮ ನಾಡಿನಲ್ಲಿ

ಭಾರತದ ತರಬೇತಾದ ದಾದಿಯರು 1908ರಲ್ಲಿಯೇ ತಮ್ಮ ಸಂಘವನ್ನು ಕಟ್ಟಿಕೊಂಡಿದ್ದರು. ಮದರಾಸು ಪ್ರಾಂತವು 1926ರಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಕಾಯ್ದೆಯನ್ನು ಮಾಡಿತು. ಆಗ ಮದರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಭಾಗಗಳೂ ಅದರ ವ್ಯಾಪ್ತಿಯಲ್ಲಿದ್ದವು. ಆದರೆ ಕಲಿತವರ ಸಂಖ್ಯೆ ಎಷ್ಟಿತ್ತು? 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಇಡೀ ಬ್ರಿಟಿಷ್ ಭಾರತಕ್ಕೆ ಸುಮಾರು 7,000 ದಾದಿಯರು, 5,000 ಸೂಲಗಿತ್ತಿಯರು ಮಾತ್ರ ಇದ್ದರು. ಇಂದಿನ ಒಂದು ದೊಡ್ಡ ನಗರದ ಆಸ್ಪತ್ರೆಗಳಿಗೂ ಸಾಲದ ಸಂಖ್ಯೆಯದು.

ಸ್ವಾತಂತ್ರ್ಯ ಬಂದ ವರ್ಷದ ಕೊನೆಯಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ, 1947 ಜಾರಿಗೆ ಬಂದಿತು. ಒಂದು ಪ್ರಾಂತದಲ್ಲಿ ಕಲಿತವರು ಇನ್ನೊಂದು ಪ್ರಾಂತದಲ್ಲಿ ಕೆಲಸ ಮಾಡಬೇಕಾದರೆ ಶಿಕ್ಷಣದ ಮಟ್ಟ ಎಲ್ಲೆಡೆ ಒಂದೇ ಆಗಿರಬೇಕೆಂಬುದು ಅದರ ಮುಖ್ಯ ಉದ್ದೇಶ. ಏಕೀಕರಣದ ತರುವಾಯ ನಮ್ಮ ರಾಜ್ಯಕ್ಕೆ 1961ರ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ ದೊರೆಯಿತು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು, ಅಂದರೆ ಜನರು ನರ್ಸಿಂಗ್ ಕೌನ್ಸಿಲ್ ಎಂದು ಕರೆಯುವ ಸಂಸ್ಥೆ, ಆ ಕಾಯ್ದೆಯ ಆಧಾರದ ಮೇಲೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಬಂದಿದೆ.

ಇಂತಹ ಪರಿಷತ್ತುಗಳು ಮಾಡುವ ಕೆಲಸವನ್ನು ನಾಲ್ಕಾಗಿ ವಿಂಗಡಿಸಬಹುದು. ಪಠ್ಯಕ್ರಮವನ್ನೂ ವಿದ್ಯಾರ್ಹತೆಯನ್ನೂ ನಿಗದಿಪಡಿಸುವುದು ಮೊದಲನೆಯದು. ಕಲಿಸುವ ಶಾಲೆಯಲ್ಲಿ ಬೋಧಕರು, ಪ್ರಯೋಗಶಾಲೆ, ಕಲಿಯಲು ಬೇಕಾದಷ್ಟು ಹಾಸಿಗೆಗಳ ಆಸ್ಪತ್ರೆ ಇವೆಯೇ ಎಂದು ತಪಾಸಣೆ ಮಾಡುವುದು ಎರಡನೆಯದು. ತೇರ್ಗಡೆಯಾದವರ ಹೆಸರನ್ನು ಪಟ್ಟಿಗೆ ಸೇರಿಸಿ ಸಂಖ್ಯೆ ಕೊಡುವುದು ಮೂರನೆಯದು. ದುರ್ನಡತೆಯ ದೂರು ಬಂದಾಗ ವಿಚಾರಣೆ ನಡೆಸಿ, ಅಗತ್ಯವೆನಿಸಿದರೆ ಹೆಸರನ್ನು ತೆಗೆದುಹಾಕುವುದು ನಾಲ್ಕನೆಯದು. ಇಂದು ನೋಂದಾಯಿತರಿಗೆ ರಾಷ್ಟ್ರಮಟ್ಟದ ಗುರುತಿನ ಸಂಖ್ಯೆಯನ್ನೂ ನೀಡುವ ವ್ಯವಸ್ಥೆ ಬಂದಿದೆ. ಐದು ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು, ಆ ಅವಧಿಯಲ್ಲಿ ಕಲಿಕೆಯನ್ನು ಮುಂದುವರಿಸಿದ್ದಕ್ಕೆ ದಾಖಲೆ ಇರಬೇಕು. ಇಪ್ಪತ್ತು ವರ್ಷಗಳ ಹಿಂದೆ ಕಲಿತದ್ದಷ್ಟರಿಂದಲೇ ಇಂದಿನ ರೋಗಿಯನ್ನು ನೋಡಿಕೊಳ್ಳಲಾಗದು.

ಯಾರು ಯಾರೆಂದು ಅರಿಯೋಣ

ಬಿಳಿ ಉಡುಪಿನವರೆಲ್ಲರನ್ನೂ ನಾವು 'ಸಿಸ್ಟರ್' ಎನ್ನುತ್ತೇವೆ. ಹಳ್ಳಿಗಳಲ್ಲಿ 'ನರ್ಸಮ್ಮ' ಎನ್ನುತ್ತಾರೆ. ಗೌರವದ ಮಾತು, ಇರಲಿ. ಆದರೆ ಪಟ್ಟಿಯಲ್ಲಿ ಭೇದಗಳಿವೆ.

ಎ.ಎನ್.ಎಂ. ಎಂದರೆ ಸಹಾಯಕ ದಾದಿ ಮತ್ತು ಸೂಲಗಿತ್ತಿ. ಹೆಣ್ಣುಮಕ್ಕಳಿಗೆ ಮೀಸಲಾದ ಎರಡು ವರ್ಷಗಳ ಶಿಕ್ಷಣವಿದು. ಉಪಕೇಂದ್ರಗಳಲ್ಲಿ ಲಸಿಕೆ, ಗರ್ಭಿಣಿಯರ ತಪಾಸಣೆ ಮೊದಲಾದವುಗಳನ್ನು ನಡೆಸುವವರು ಇವರೇ. ಜಿ.ಎನ್.ಎಂ. ಎಂಬುದು ಮೂರು ವರ್ಷಗಳ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಇದರ ಪರೀಕ್ಷೆ ನಡೆಸುತ್ತದೆ. ಕೊನೆಯ ಎರಡರಲ್ಲಿ ಗಂಡುಮಕ್ಕಳೂ ಕಲಿಯುತ್ತಾರೆ. ಈ ಎರಡನ್ನು ಮುಗಿಸಿದವರು ನೋಂದಾಯಿತ ದಾದಿ ಹಾಗೂ ನೋಂದಾಯಿತ ಸೂಲಗಿತ್ತಿ ಎಂಬ ಎರಡು ಹೆಸರುಗಳಲ್ಲಿ ಒಟ್ಟಿಗೆ ದಾಖಲಾಗುತ್ತಾರೆ.

ಆಶಾ ಕಾರ್ಯಕರ್ತೆಯರು ದಾದಿಯರಲ್ಲ. ಮನೆ ಮತ್ತು ಆಸ್ಪತ್ರೆಗಳ ನಡುವಿನ ಸೇತುವೆಯಾಗಿ ಅವರ ಸೇವೆ ಅಮೂಲ್ಯವಾದುದು. ಚುಚ್ಚುಮದ್ದು ಕೊಡಿರೆಂದು ಅವರನ್ನು ಒತ್ತಾಯಿಸುವುದು ಅವರಿಗೂ ನಮಗೂ ಅನ್ಯಾಯ. ನಮ್ಮ ಆಯುರ್ವೇದ ಚಿಕಿತ್ಸಾಲಯಗಳಲ್ಲಿ ಅಭ್ಯಂಗ, ಸ್ವೇದನಗಳನ್ನು ಮಾಡುವ ಸಹಾಯಕರೂ ಬೇರೆ, ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಪಡೆದ ದಾದಿಯರೂ ಬೇರೆ. ಇನ್ನು 'ಹೋಮ್ ನರ್ಸ್' ಎಂಬ ಹೆಸರಿನ ವರ್ಗವೇ ನೋಂದಣಿ ಪುಸ್ತಕದಲ್ಲಿ ಇಲ್ಲ. ಆ ಹೆಸರಿನಲ್ಲಿ ಮನೆಗೆ ಬರುವವರು ನೋಂದಾಯಿತ ದಾದಿಯಾಗಿರಬಹುದು, ಕೆಲವು ವಾರಗಳ ತರಬೇತಿ ಪಡೆದವರಾಗಿರಬಹುದು, ಯಾವ ತರಬೇತಿಯೂ ಇಲ್ಲದವರೂ ಆಗಿರಬಹುದು.

ಈ ಭೇದದಿಂದ ಆಗುವುದೇನು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮಧುಮೇಹಿಗಳು ಬಳಸುವ ಇನ್ಸುಲಿನ್ ನಮ್ಮ ದೇಶದಲ್ಲಿ ಎರಡು ಬಲಗಳಲ್ಲಿ ದೊರೆಯುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳಿವೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದು 20ರ ಗೆರೆಯವರೆಗೆ ತುಂಬಿದರೆ ರೋಗಿಯ ದೇಹಕ್ಕೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು! ರಕ್ತದಲ್ಲಿನ ಸಕ್ಕರೆ ಕುಸಿದು, ನಿದ್ರೆಯಲ್ಲಿದ್ದ ವೃದ್ಧರು ಎಚ್ಚರವಿಲ್ಲದ ಸ್ಥಿತಿಗೆ ಹೋಗಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಹೋಲಿಸಿ ನೋಡುವುದು ಕಲಿತ ದಾದಿಗೆ ಉಸಿರಾಟದಷ್ಟು ಸಹಜ. ಕಲಿಯದವರು ಎಷ್ಟೇ ಒಳ್ಳೆಯ ಮನಸ್ಸಿನವರಾದರೂ ಅವರಿಗೆ ಅದು ಹೊಳೆಯುವುದಿಲ್ಲ. ಅನುರಾಗವಿದ್ದು ಜ್ಞಾನವಿಲ್ಲದಿದ್ದರೆ ಆಗುವ ಅನಾಹುತವಿದು.

ಕೆಲವು ಸಣ್ಣ ಆಸ್ಪತ್ರೆಗಳಲ್ಲಿ ಶಾಲೆ ಮುಗಿಸಿದ ಹುಡುಗಿಯರಿಗೆ ಬಿಳಿ ಕೋಟು ತೊಡಿಸಿ, ಕೆಲವೇ ತಿಂಗಳಲ್ಲಿ ಸಲೈನ್ ಹಾಕಲು ನಿಲ್ಲಿಸುವುದನ್ನು ನಾವು ಕಂಡಿದ್ದೇವೆ. ಆ ಹುಡುಗಿಯರ ತಪ್ಪು ಅದರಲ್ಲಿ ಕಡಿಮೆ. ಕಡಿಮೆ ಸಂಬಳಕ್ಕೆ ಕೆಲಸ ಆಗಲೆಂಬ ಮಾಲೀಕರ ಲೆಕ್ಕಾಚಾರವೂ, ಏನನ್ನೂ ಕೇಳದೆ ತೋಳು ಚಾಚುವ ನಮ್ಮ ಸಂಕೋಚವೂ ಅದಕ್ಕೆ ಕಾರಣ. ಖಾಸಗಿ ವೈದ್ಯಕೀಯ ಸಂಸ್ಥೆಗಳು ನೋಂದಣಿ ಪಡೆದು ಅರ್ಹ ಸಿಬ್ಬಂದಿಯನ್ನು ಇಟ್ಟುಕೊಳ್ಳಬೇಕೆಂದು ಕರ್ನಾಟಕದ 2007ರ ಕಾಯ್ದೆಯೂ ಹೇಳುತ್ತದೆ.

ಸೂಲಗಿತ್ತಿಯ ಪರಂಪರೆ ಮತ್ತು ಮಿತಿ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಗೌರವ ನೀಡಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಮ್ಮನ್ನಗಲಿದರು. ಸುಶ್ರುತರು ಹೇಳಿದ ಪಕ್ವತೆ, ನೈಪುಣ್ಯಗಳೆಲ್ಲವೂ ಮೂರ್ತಿವೆತ್ತಂತಿದ್ದ ಜೀವವದು. ಹೆರಿಗೆಯೆಂಬುದು ರೋಗವಲ್ಲ, ಅವಸರಿಸದೆ ಧೈರ್ಯ ಹೇಳುತ್ತ ಬಳಿಯಲ್ಲಿ ಕುಳಿತಿರುವುದೇ ಅರ್ಧ ಚಿಕಿತ್ಸೆ ಎಂಬ ಅವರ ಪರಂಪರೆಯ ತಿಳಿವನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ಆದರೂ ಆ ಪರಂಪರೆಗೆ ಮಿತಿಯಿತ್ತೆಂಬುದನ್ನು ಗೌರವದಿಂದಲೇ ಹೇಳಬೇಕು. ಹೆರಿಗೆಯ ನಂತರ ಗರ್ಭಕೋಶ ಬಿಗಿಯಾಗದೆ ರಕ್ತಸ್ರಾವವಾದರೆ ತಾಯಿಯನ್ನು ಕಳೆದುಕೊಳ್ಳಲು ಕೆಲವೇ ಗಂಟೆಗಳು ಸಾಕು. ಆಗ ಬೇಕಾದುದು ಔಷಧ, ರಕ್ತ ಮತ್ತು ತಕ್ಷಣ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಎಂಬ ಔಷಧವು ಮಗು ಹೊರಬಂದ ಮೇಲೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ತಾಯಿಯನ್ನು ಉಳಿಸುತ್ತದೆ. ಅದನ್ನೇ ನೋವು ಬೇಗ ಬರಲೆಂದು ಹೆರಿಗೆಗೆ ಮೊದಲು, ಅಳತೆಯಿಲ್ಲದೆ, ಅರಿಯದವರು ಚುಚ್ಚಿದರೆ ಗರ್ಭಕೋಶವೇ ಹರಿದು ತಾಯಿ ಮತ್ತು ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಔಷಧ ಒಂದೇ, ಕೊಡುವ ಕೈ, ಕೊಡುವ ಹೊತ್ತು ಬೇರೆ.

ಆದುದರಿಂದಲೇ ನಿಯಂತ್ರಣವೆಂದರೆ ಏನು ಮಾಡಬಹುದು ಎಂಬುದರ ಜೊತೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಕಲಿಸುವುದು. ತರಬೇತಿ ಪಡೆದ ಎ.ಎನ್.ಎಂ. ಮತ್ತು ದಾದಿಯರಿಗೆ ತುರ್ತು ಸಂದರ್ಭದಲ್ಲಿ ಕೆಲವು ನಿರ್ದಿಷ್ಟ ಔಷಧಗಳನ್ನು ಕೊಡಲು ಸರ್ಕಾರವು ಅನುಮತಿಸಿದೆ. ರಕ್ತದೊತ್ತಡ ಏರಿ ಗರ್ಭಿಣಿಗೆ ಅಪಸ್ಮಾರದಂತಹ ಸೆಳೆತ ಬಂದಾಗ ಮ್ಯಾಗ್ನೀಷಿಯಂ ಸಲ್ಫೇಟಿನ ಮೊದಲ ಪ್ರಮಾಣವನ್ನು ಕೊಟ್ಟು, ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಅವುಗಳಲ್ಲಿ ಒಂದು. ಮೊದಲ ಪ್ರಮಾಣ ಕೊಡುವ ಅಧಿಕಾರ, ಅಲ್ಲಿಯೇ ಉಳಿಸಿಕೊಳ್ಳದೆ ಕಳುಹಿಸುವ ಹೊಣೆ, ಎರಡೂ ಒಂದೇ ನಿಯಮದಲ್ಲಿವೆ.

ಸೂಲಗಿತ್ತಿಯ ವೃತ್ತಿಯನ್ನು ಹೊಸ ರೂಪದಲ್ಲಿ ಪುನಃ ಕಟ್ಟುವ ಪ್ರಯತ್ನವೂ ನಡೆದಿದೆ. ಕೇಂದ್ರ ಸರ್ಕಾರವು 2018ರಲ್ಲಿ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ ನೋಂದಾಯಿತ ದಾದಿಯರು ಇನ್ನೂ 18 ತಿಂಗಳು ಕಲಿತು ಸಹಜ ಹೆರಿಗೆಗಳನ್ನು ತಾವೇ ನಡೆಸುವ ಪರಿಣತರಾಗುತ್ತಾರೆ. ನರಸಮ್ಮನವರ ತಾಳ್ಮೆಗೆ ವಿಜ್ಞಾನದ ಬಲವೂ ಸೇರಿದರೆ ಅನಗತ್ಯ ಶಸ್ತ್ರಚಿಕಿತ್ಸೆಗಳು ಕಡಿಮೆಯಾದಾವೆಂಬ ಆಶಯ ಇದರ ಹಿಂದಿದೆ.

2023ರ ಹೊಸ ಕಾನೂನು

ಎಪ್ಪತ್ತೈದು ವರ್ಷ ಹಳೆಯದಾದ ಕಾಯ್ದೆಯ ಸ್ಥಾನಕ್ಕೆ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆ, 2023ನ್ನು ತಂದಿದೆ. ಅಲೋಪತಿ ವೈದ್ಯರಿಗೆ 2019ರಲ್ಲಿ, ನಮ್ಮ ಭಾರತೀಯ ಪದ್ಧತಿಯ ವೈದ್ಯರಿಗೆ 2020ರಲ್ಲಿ ಇಂತಹದೇ ಆಯೋಗಗಳ ಕಾನೂನು ಬಂದಿತ್ತು. ಹೊಸ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಆಯೋಗದಲ್ಲಿ 29 ಸದಸ್ಯರಿರುತ್ತಾರೆ. ಅಧ್ಯಕ್ಷರಾಗುವವರು ಶುಶ್ರೂಷಾ ಮತ್ತು ಸೂಲಗಿತ್ತಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕನಿಷ್ಠ 20 ವರ್ಷಗಳ ಅನುಭವ ಹೊಂದಿರಬೇಕು. ಶಿಕ್ಷಣಕ್ಕೊಂದು, ಸಂಸ್ಥೆಗಳ ಮೌಲ್ಯಮಾಪನಕ್ಕೊಂದು, ನೀತಿ ಹಾಗೂ ನೋಂದಣಿಗೊಂದು, ಹೀಗೆ ಮೂರು ಮಂಡಳಿಗಳು ಆಯೋಗದ ಅಡಿಯಲ್ಲಿರುತ್ತವೆ. ರಾಜ್ಯಗಳಲ್ಲಿಯೂ ಆಯೋಗಗಳು ರಚನೆಯಾಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದೆ ಅರ್ಹರಂತೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಶಿಕ್ಷೆಯ ಮಾತಿಗಿಂತ ನಮಗೆ ಹೆಚ್ಚು ಹಿಡಿಸಿದ್ದು ಕಾಯ್ದೆಯ ಹೆಸರು. ಹಳೆಯ ಕೇಂದ್ರ ಕಾಯ್ದೆಯ ಶೀರ್ಷಿಕೆಯಲ್ಲಿ ದಾದಿ ಮಾತ್ರ ಇದ್ದಳು. ಹೊಸದರಲ್ಲಿ ಸೂಲಗಿತ್ತಿಯೂ ಸಮನಾಗಿ ನಿಂತಿದ್ದಾಳೆ. ಹಳೆಯ ಪರಿಷತ್ತುಗಳಿಂದ ಹೊಸ ಆಯೋಗಗಳಿಗೆ ಅಧಿಕಾರ ದಾಟುವ ಸಂಧಿಕಾಲದಲ್ಲಿ ದಾದಿಯರು ಗಾಬರಿಗೊಳ್ಳಬೇಕಾಗಿಲ್ಲ. ಈಗಾಗಲೇ ನೋಂದಣಿಯಾದವರ ಹೆಸರು ಕಾನೂನು ಬದಲಾದ ಕಾರಣಕ್ಕೆ ಅಳಿಯುವುದಿಲ್ಲ.

ನಮ್ಮ ಅನೇಕ ಭಕ್ತರ ಮಕ್ಕಳು ಬ್ರಿಟನ್ನಿನಲ್ಲಿ ದಾದಿಯರಾಗಿದ್ದಾರೆ. ಅಲ್ಲಿ ಮೂರು ವರ್ಷಗಳಿಗೊಮ್ಮೆ ಮರುಪರಿಶೀಲನೆ ನಡೆಯುತ್ತದೆ. ಆ ಅವಧಿಯಲ್ಲಿ 450 ಗಂಟೆಗಳ ವೃತ್ತಿ, 35 ಗಂಟೆಗಳ ಕಲಿಕೆ ಇರಲೇಬೇಕು. ಯಾವ ರೋಗಿಯಾದರೂ ತನ್ನ ದಾದಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಗಣಕದಲ್ಲಿ ತಾನೇ ನೋಡಿಕೊಳ್ಳಬಹುದು. ಅದನ್ನು ಅಲ್ಲಿ ಯಾರೂ ಅವಮಾನವೆಂದು ಭಾವಿಸುವುದಿಲ್ಲ. ನಾವು ಕಲಿಯಬೇಕಾದ ಮನೋಭಾವ ಅದು.

ಭಕ್ತರು ಪಾಲಿಸಬೇಕಾದ ಕೆಲವು ಸಂಗತಿಗಳು

1. ಮಗಳನ್ನೋ ಮಗನನ್ನೋ ನರ್ಸಿಂಗ್ ಕಾಲೇಜಿಗೆ ಸೇರಿಸುವ ಮೊದಲು ಆ ಸಂಸ್ಥೆಗೆ ಆ ವರ್ಷದ ಅನುಮತಿ ಇದೆಯೇ ಎಂದು ರಾಜ್ಯದ ಪರಿಷತ್ತಿನಲ್ಲಿಯೂ, ಪದವಿಯಾದರೆ ವಿಶ್ವವಿದ್ಯಾಲಯದಲ್ಲಿಯೂ, ಡಿಪ್ಲೊಮಾ ಆದರೆ ಪರೀಕ್ಷಾ ಮಂಡಳಿಯಲ್ಲಿಯೂ ವಿಚಾರಿಸಿರಿ. ಕಾಲೇಜಿನ ಫಲಕವನ್ನೂ ಮಧ್ಯವರ್ತಿಯ ಮಾತನ್ನೂ ನಂಬಿ ಹಣ ಕಟ್ಟಬೇಡಿರಿ. ಸಂಸ್ಥೆಗಳಿಗೆ ಮಾನ್ಯತೆ ನೀಡುವ ಅಧಿಕಾರ ಯಾರದೆಂಬ ವಿವಾದವು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಹೊರರಾಜ್ಯ ಅಥವಾ ಹೊರದೇಶಕ್ಕೆ ಹೋಗುವ ಆಸೆಯಿದ್ದರೆ ಅಲ್ಲಿನ ನಿಯಮವನ್ನೂ ಮೊದಲೇ ತಿಳಿಯುವುದು ಜಾಣತನ. ಹೊಲ ಅಡವಿಟ್ಟು ಓದಿಸಿದ ಮೇಲೆ ನೋಂದಣಿಯಾಗದ ಪ್ರಮಾಣಪತ್ರವು ಕಾಗದದ ಚೂರು ಮಾತ್ರ.

2. ಮನೆಗೆ ದಾದಿಯನ್ನು ನೇಮಿಸಿಕೊಳ್ಳುವಾಗ ಕೆಲಸವನ್ನು ಎರಡಾಗಿ ವಿಂಗಡಿಸಿರಿ. ಸ್ನಾನ, ಊಟ, ನಡೆದಾಡಿಸುವುದು ಮೊದಲಾದ ಆರೈಕೆಗೆ ಕರುಣೆಯುಳ್ಳ ಸಹಾಯಕರು ಸಾಕು. ಚುಚ್ಚುಮದ್ದು, ಮೂಗಿನ ನಳಿಕೆಯ ಆಹಾರ, ಮೂತ್ರನಳಿಕೆ, ಗಾಯದ ಪಟ್ಟಿ ಇವು ಇದ್ದಲ್ಲಿ ನೋಂದಾಯಿತ ದಾದಿಯೇ ಬೇಕು. ನೋಂದಣಿ ಸಂಖ್ಯೆಯನ್ನೂ ನವೀಕರಣದ ದಿನಾಂಕವನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ.

3. ಹೆರಿಗೆಗೆ ಮುನ್ನವೇ ಆಸ್ಪತ್ರೆಗೆ ಹೋಗಿ, ರಾತ್ರಿ ಪಾಳಿಯಲ್ಲಿ ನೋಂದಾಯಿತ ದಾದಿ ಇರುವರೇ, ತೊಂದರೆಯಾದರೆ ಎಲ್ಲಿಗೆ ಕಳುಹಿಸುವರು ಎಂದು ಕೇಳಿರಿ. ನೋವು ಬೇಗ ಬರಿಸಿರೆಂದು ಯಾರನ್ನೂ ಒತ್ತಾಯಿಸಬೇಡಿರಿ.

4. ದಾದಿಯು 'ಇದು ವೈದ್ಯರ ಲಿಖಿತ ಸೂಚನೆಯಿಲ್ಲದೆ ಆಗದು' ಎಂದರೆ ಸಿಟ್ಟಾಗಬೇಡಿರಿ. ತನ್ನ ಮಿತಿಯನ್ನು ಅರಿತ ದಾದಿ ನಿಮ್ಮ ರೋಗಿಯನ್ನು ಕಾಯುತ್ತಿದ್ದಾಳೆ. ನಿಯಮವು ಅವಳಿಗೂ ರಕ್ಷಾಕವಚ. ತಪ್ಪು ಕೆಲಸ ಮಾಡೆಂದು ಮಾಲೀಕರು ಒತ್ತಾಯಿಸಿದಾಗ ಆಗದೆನ್ನುವ ಧೈರ್ಯ ಅವಳಿಗೆ ಬರುವುದು ಅದರಿಂದಲೇ.

5. ನಿಜವಾದ ಲೋಪ ಕಂಡರೆ ಆಸ್ಪತ್ರೆಯಲ್ಲಿ ಕೂಗಾಡಿ, ಕೈಮಾಡಿ ಪಾಪ ಕಟ್ಟಿಕೊಳ್ಳಬೇಡಿರಿ. ದಿನಾಂಕ, ವೇಳೆ, ನಡೆದ ಸಂಗತಿಗಳನ್ನು ಬರೆದು, ಕಾಗದಪತ್ರಗಳ ಪ್ರತಿಯೊಡನೆ ಆಸ್ಪತ್ರೆಯ ಮುಖ್ಯಸ್ಥರಿಗೂ ರಾಜ್ಯದ ಪರಿಷತ್ತಿಗೂ ದೂರು ಕೊಡಿರಿ. ನೋಂದಣಿ ಇಲ್ಲದವರಾದರೆ ಪರಿಷತ್ತು ತೆಗೆದುಹಾಕಲು ಹೆಸರೇ ಇರುವುದಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಪೊಲೀಸರಿಗೂ ತಿಳಿಸಬೇಕಾಗುತ್ತದೆ. ಮೊದಲೇ ಸಂಖ್ಯೆ ಕೇಳಿರೆಂದು ನಾವು ಹೇಳುವುದು ಇದಕ್ಕಾಗಿಯೇ.

ವೈದ್ಯರಾದ ನಮ್ಮ ಹೆಸರೂ ಒಂದು ಪಟ್ಟಿಯಲ್ಲಿದೆ. ರೋಗಿಯೊಬ್ಬರು ಅದರ ಸಂಖ್ಯೆಯನ್ನು ಕೇಳಿದರೆ ಹೇಳುವುದು ನಮ್ಮ ಕರ್ತವ್ಯ. ನಿಜವಾಗಿ ಕಲಿತ ದಾದಿಯೂ ತನ್ನ ಸಂಖ್ಯೆಯನ್ನು ಅಭಿಮಾನದಿಂದಲೇ ಹೇಳುತ್ತಾಳೆ. ರಾತ್ರಿಯೆಲ್ಲ ಎಚ್ಚರವಿದ್ದು, ಬೇರೆಯವರ ತಾಯಿಯ ಮಲಮೂತ್ರಗಳನ್ನು ಅಸಹ್ಯಪಡದೆ ತೆಗೆಯುವ ಆ ಕಾಯಕಕ್ಕೆ ಕೈಮುಗಿಯೋಣ. ಕೈಮುಗಿಯುವ ಮೊದಲು ಆ ಕೈಗಳ ಅರ್ಹತೆಯನ್ನು ವಿನಯದಿಂದ ವಿಚಾರಿಸೋಣ. ವಿಚಾರಿಸುವುದರಿಂದ ಗೌರವ ಕುಂದುವುದಿಲ್ಲ. ಕಷ್ಟಪಟ್ಟು ಕಲಿತವರಿಗೂ ವೇಷ ತೊಟ್ಟು ಬಂದವರಿಗೂ ನಡುವಿನ ಅಂತರವನ್ನು ಕಾಪಾಡಿದಂತಾಗುತ್ತದೆ. ಸರ್ವರಿಗೂ ಆರೋಗ್ಯಭಾಗ್ಯ ಲಭಿಸಲಿ.